ಬಿಳಿಯ ಮೇಲೆ ಹಳದಿ

ಇಶ್ತಿಯಾಕನ ನಕ್ಷೆ ಕೆಟ್ಟದ್ದು ಬೆಳಿಗ್ಗೆಯ ಚಹಾದ ಹೊತ್ತಿಗೆ. ಬಿಳಿ ಹಿನ್ನೆಲೆಯ ಮೇಲೆ ಹದಗೆಟ್ಟ ರಸ್ತೆಗೆ ಕಡುಗೆಂಪು, ಚೆನ್ನಾಗಿರುವುದಕ್ಕೆ ಕಪ್ಪು ಹಚ್ಚಿ, ಮೊಬೈಲಿನಲ್ಲಿ ನೋಡುವಂಥ ನಕ್ಷೆಯನ್ನು ಅವನು ಎರಡು ತಿಂಗಳು ಕೂತು ಮಾಡಿದ್ದ. ರಸ್ತೆ ಕಚೇರಿಯಲ್ಲಿ ಅವನದು ಗುತ್ತಿಗೆ ನೌಕರಿ. ಅದು ಉಳಿಯುವುದು, ಬಿಡುವುದು ಅವತ್ತು ಬರಲಿದ್ದ ದೊಡ್ಡ ಸಾಹೇಬರ ಮರ್ಜಿ.

"ಕೆಂಪು ಕಣ್ಣಿಗೆ ಹೊಡಿತೈತಿ. ತಾಲೂಕಿಗೇ ಗಾಯ ಆದಂಗ ಕಾಣ್ತೈತಿ" ಎಂದರು ಮ್ಯಾನೇಜರ್ ಸುಂಕಪ್ಪ.

"ತಿಳಿಹಳದಿ ಹಚ್ಚಪ್ಪ, ಮದುವಿ ಕಾರ್ಡಿನಂಗ ಕಳಿ ಬರ್ತೈತಿ" ಎಂದು ಗುಮಾಸ್ತೆ ಮಾಳಮ್ಮ ದನಿಗೂಡಿಸಿದಳು.

"ಬಿಳಿ ಮ್ಯಾಲೆ ಹಳದಿ ಕಾಣಂಗಿಲ್ರಿ. ಬಿಸಿಲಾಗಂತೂ ಇಲ್ಲೇ ಇಲ್ಲ."

"ನಾವೇನು ಬಿಸಿಲಾಗ ಕುಂತೀವೇನು? ಫ್ಯಾನಿನ ಕೆಳಗ ಕಾಣ್ತೈತಲ್ಲ, ಹಚ್ಚು."

ಇಪ್ಪತ್ತು ವರ್ಷದ ನೌಕರಿಯಲ್ಲಿ ಸುಂಕಪ್ಪ ಕಂಡ ಬಿಸಿಲೆಂದರೆ ಕಿಟಕಿಯದು ಮಾತ್ರ. ಇಶ್ತಿಯಾಕ ಹಚ್ಚಿದ. ಕಪ್ಪು ರಸ್ತೆಗಳೂ ಊರ ಹೆಸರುಗಳೂ ತಿಳಿಬೂದಿಗೆ ತಿರುಗಿದವು. ಮಜ್ಜಿಗೆಯಲ್ಲಿ ಬಿದ್ದ ನರೆಗೂದಲಿನಂತೆ ರಸ್ತೆಗಳೆಲ್ಲ ಅಡಗಿ ಕೂತವು.

ಮಧ್ಯಾಹ್ನ ಸಾಹೇಬರ ಜೀಪು ಎಲ್ಲರನ್ನೂ ತುಂಬಿಕೊಂಡು, ಊರವರ ರಸ್ತೆ ದೂರು ಕೇಳಲು ಹೊಳಲು ಗ್ರಾಮಕ್ಕೆ ಹೊರಟಿತು. ಸಾಹೇಬರು ದಾರಿ ನೋಡಲು ಮೊಬೈಲಿನ ನಕ್ಷೆಯನ್ನು ಮೂಗಿಗೆ ತಂದರು, ದೂರ ಹಿಡಿದರು, ಕೊನೆಗೆ ಬಿಸಿಲಿಗೆ ಮರೆಯಾಗಿ ಟವೆಲು ಹೊದ್ದು ಒಳಗಿಂದಲೇ "ಎಡಕ್ಕೆ, ಎಡಕ್ಕೆ" ಎನ್ನತೊಡಗಿದರು. ಜೀಪು ದಾರಿ ತಪ್ಪಿ ಹೋಗಿ ನಿಂತದ್ದು ಹಲವಾಗಲು ಎಂಬ ಬೇರೊಂದು ಊರಿನ ಹೊಳೆದಂಡೆಯಲ್ಲಿ, ಮೈ ತೊಳೆಸಿಕೊಳ್ಳುತ್ತಿದ್ದ ಎಮ್ಮೆಗಳ ಎದುರಿಗೆ.

"ಈ ನಕ್ಷಿ ಮಾಡಿದಾವ ಯಾರು?" ಎಂದು ಸಾಹೇಬರು ಗದರಿದರು.

ಸುಂಕಪ್ಪನ ಬೆರಳು ಆಗಲೇ ಇಶ್ತಿಯಾಕನತ್ತ ಚಾಚಿತ್ತು. "ಬಣ್ಣ ಗಾಢ ಇರ್ಲಿ ಅಂತ ಬಡಕೊಂಡೆ ಸರ್. ಈಗಿನವ್ರು ಹಿರೇರ ಮಾತು ಕೇಳಂಗಿಲ್ಲ."

ಇಶ್ತಿಯಾಕ ಹಲ್ಲು ಕಚ್ಚಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡ. ಹತ್ತು ನಿಮಿಷದಲ್ಲಿ ಕಪ್ಪು, ಕೆಂಪು, ದಪ್ಪಕ್ಷರದ ಹೆಸರುಗಳು ಎಲ್ಲವೂ ಬಂದವು. ಸಾಹೇಬರು ಉರಿಬಿಸಿಲಲ್ಲೇ ನೋಡಿದರು. ಮುಖ ಅರಳಿತು.

"ಭೇಷ್. ಕನ್ನಡಕ ಇಲ್ದನೂ ಕಾಣ್ತೈತಲ್ಲೋ."

ನೌಕರಿ ಉಳಿಯಿತೆಂದು ಇಶ್ತಿಯಾಕ ಮನಸ್ಸಿನಲ್ಲೇ ಅಮ್ಮ ಜೋಹರಾಬಿಗೆ ಸುದ್ದಿ ಮುಟ್ಟಿಸಿಬಿಟ್ಟ. ಅಷ್ಟರಲ್ಲಿ ಸಾಹೇಬರ ಬೆರಳು ಹೊಳಲಿನತ್ತ ಸರಿದು ನಿಂತಿತು. ಮುಂದಿನ ದಾರಿ ಉದ್ದಕ್ಕೂ ಕೆಂಪು. ಅವರು ಸೊಂಟ ಮುಟ್ಟಿಕೊಂಡರು.

"ಅಲ್ಲಿ ಮಂದಿ ಭಾಳ ಕೂಡ್ಯಾರೇನು?"

"ಮುನ್ನೂರು ಮಂದಿ ಅದಾರಂತ್ರಿ. ರಸ್ತಿ ಸಲುವಾಗಿ ಸಿಟ್ಟಿಗೆದ್ದಾರಂತ" ಎಂದಳು ಮಾಳಮ್ಮ.

ಸಾಹೇಬರು ಇಶ್ತಿಯಾಕನ ಹೆಗಲ ಮೇಲೆ ಅಕ್ಕರೆಯಿಂದ ಕೈಯಿಟ್ಟರು. "ನೀ ಇಳಿಯಪ್ಪ. ಬಸ್ ಹಿಡಿದು ಹೋಗಿ ನನ್ನ ಬದ್ಲಿ ಅವರಿಗೆ ಉತ್ತರ ಹೇಳಿ ಬಾ. ನಕ್ಷಿ ತೋರ್ಸು, ಎಲ್ಲಾ ಸ್ಪಷ್ಟ ಐತಿ."

ಜೀಪು ಬಂದ ದಾರಿಗೇ ತಿರುಗಿತು. ಇಶ್ತಿಯಾಕ ಎಮ್ಮೆ ತೊಳೆಯುತ್ತಿದ್ದ ಪಕ್ಕೀರಪ್ಪನನ್ನು ಹೊಳಲಿನ ಬಸ್ಸು ಎಷ್ಟು ಗಂಟೆಗೆಂದು ಕೇಳಿದ.

"ಆ ರಸ್ತಿಗೆ ಬಸ್ ನಿಂತು ಆರು ತಿಂಗಳಾತು" ಎಂದ ಪಕ್ಕೀರಪ್ಪ. "ನಡಕೊಂಡು ಹೋಗ್ರಿ, ಸಾಹೇಬ್ರ."