ಬಾಯಲ್ಲೇ ಆಗುವ ರಿಪೇರಿ

ಬಾಳಗಡಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಪಂಪು, ಕಳೆ ಕೊಚ್ಚುವ ಮೆಷಿನ್ ಇಂಥವಕ್ಕೆ. ರಿಪೇರಿ ದಿನಾ ಆಗುತ್ತದೆ, ಆದರೆ ನನ್ನ ಕೈಯಿಂದಲ್ಲ. ಬಂದವರಿಗೆ "ಎಂತ ಆಯ್ತು, ಮೊದಲಿನಿಂದ ಹೇಳಿ" ಎನ್ನುವುದು ನನ್ನ ಚಾಳಿ. ಹೇಳುತ್ತ ಹೇಳುತ್ತ ಅವರಿಗೇ ದೋಷ ಹೊಳೆದುಬಿಡುತ್ತದೆ. ಕೇಳಿಸಿಕೊಂಡದ್ದಕ್ಕೆ ಕಾಸು ಕೊಡುವವರು ಯಾರು? ಬಾಡಿಗೆ ಬಾಕಿಯೆಂದು ಕಟ್ಟಡದ ಮಾಲೀಕ ಆಗಲೇ ಒಬ್ಬ ಬೇಕರಿಯವನನ್ನು ಕರೆತಂದು ಗೋಡೆ ಅಳತೆ ಮಾಡಿಸಿ ಹೋಗಿದ್ದಾನೆ. ನಾನಿನ್ನೂ ಒಳಗೇ ಕೂತಿದ್ದೆ. "ಸ್ವಲ್ಪ ಕಾಲು ಆಚೆ ಇಡಿ" ಅಂದರು.

ಮುಚ್ಚಳ

ಹರಿಹರಪುರದ ಯಜಮಾನರೊಬ್ಬರು ಕಳೆ ಮೆಷಿನ್ ತಂದರು. ಓಡುತ್ತ ಓಡುತ್ತ ನಿಲ್ಲುತ್ತದಂತೆ.

"ಮೊದಲಿನಿಂದ ಹೇಳಿ."

"ಚಾಲೂ ಮಾಡ್ತೇನೆ, ಓಡ್ತದೆ, ನಿಲ್ತದೆ. ಪೆಟ್ರೋಲ್ ಖಾಲಿಯಾಯ್ತಾ ಅಂತ ಮುಚ್ಚಳ ತೆಗೆದು ನೋಡ್ತೇನೆ. ಇರ್ತದೆ. ಮುಚ್ತೇನೆ, ಮತ್ತೆ ಓಡ್ತದೆ..." ಅವರ ಬಾಯಿ ಅಲ್ಲೇ ನಿಂತಿತು. "ಮುಚ್ಚಳ ತೆಗೆದಾಗೆಲ್ಲ ಸರಿಯಾಗ್ತದಲ್ಲ ಮಾರಾಯ್ರೆ! ಅದರ ಗಾಳಿ ತೂತು ಕಟ್ಟಿಕೊಂಡಿರ್ಬೇಕು. ಒಂದು ಪಿನ್ ಕೊಡಿ."

ಕೊಟ್ಟೆ. ಚುಚ್ಚಿದರು, ಚಾಲೂ ಮಾಡಿದರು, ಹೊರಟರು. ಪಿನ್ನೂ ಅವರ ಜೇಬಿನಲ್ಲೇ ಹೋಯಿತು.

ಅರ್ಧ ದಾರಿ

ನರಸಿಂಹರಾಜಪುರದಿಂದ ಫೋನ್: "ಮೋಟಾರ್ ತಿರುಗ್ತದೆ, ನೀರು ಮಾತ್ರ ಬರ್ತಿಲ್ಲ. ಕೂಡಲೇ ಬನ್ನಿ." ಅಂಗಡಿ ಮುಚ್ಚಿ, ಚೀಲ ಹೊತ್ತು ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಅವನೇ ಮತ್ತೆ ಫೋನ್ ಮಾಡಿದ, ಎಲ್ಲಿಗೆ ಬಂದಿರಿ ಎಂದು. ನಾನು ಸುಮ್ಮನೆ ಫೋನ್ ಇಡಬಾರದಿತ್ತೆ? ಚಾಳಿ ಕೇಳಬೇಕಲ್ಲ.

"ಎಂತ ಆಯ್ತು, ಮೊದಲಿನಿಂದ ಹೇಳಿ."

"ಬೆಳಿಗ್ಗೆ ತೊಟ್ಟಿ ತೊಳೆಯಲಿಕ್ಕೆ ಹೋದೆ. ನೀರು ಬರದ ಹಾಗೆ ವಾಲ್ವ್ ಮುಚ್ಚಿದೆ. ಆಮೇಲೆ..."

ಆಮೇಲೆ ಓಡಿದ ಹೆಜ್ಜೆ ಸದ್ದು, ಹಿಂದೆಯೇ ವಾಲ್ವ್ ತಿರುಗಿಸಿದ ಸದ್ದು. "ಬರೋದು ಬೇಡ ಬಿಡಿ. ನಿಮ್ಮ ಹತ್ರ ಮಾತಾಡಿದ್ರೆ ಸಾಕು ನೋಡಿ, ಕೆಲಸ ಆಗ್ತದೆ!"

ಕಾಡಿನ ನಡುವೆ ಇಳಿದು, ವಾಪಸ್ ಬಸ್ಸಿಗೆ ಕಾಯುತ್ತ ಆ ಹೊಗಳಿಕೆಯನ್ನು ಚಪ್ಪರಿಸುತ್ತ ನಿಂತೆ.

ನನ್ನದೇ ದೋಷ

ಅಂಗಡಿ ಕೈಬಿಟ್ಟರೆ ಬೇರೆ ಕಸುಬು ನನಗೆ ಗೊತ್ತಿಲ್ಲ. ಹೆದರಿಕೆಯಾಗಿ ಹೆಂಡತಿ ಎದುರು ಕೂತು ಮೊದಲಿನಿಂದ ಹೇಳಿದೆ. "ಬರ್ತಾರೆ. ನಾನು ಕೇಳ್ತೇನೆ. ಅವರು ಹೇಳ್ತಾರೆ. ಅವರಿಗೇ ಗೊತ್ತಾಗ್ತದೆ. ಹೋಗ್ತಾರೆ..." ನನಗೂ ಥಟ್ಟನೆ ಹೊಳೆಯಿತು. "ಹಾಗಾದ್ರೆ ನಾನು ಬಾಯಿ ಮುಚ್ಚಿಕೊಂಡಿದ್ರೆ ಸಾಕು!"

ಅವಳು ದೋಸೆ ಮಗುಚಿದಳು. "ಮದುವೆಯಾದಲ್ಲಿಂದ ನಾನು ಹೇಳ್ತಿದ್ದದ್ದು ಅದನ್ನೇ."

ಕೇಳದ ದಿನ

ಮರುದಿನ ಕಿಗ್ಗದ ಕಡೆಯವನೊಬ್ಬ ಕಳೆ ಮೆಷಿನ್ ಹೊತ್ತು ಬಂದ. "ಇದೊಂದು ಸ್ವಲ್ಪ..." ಎಂದು ಶುರು ಮಾಡಿದ.

"ಎಂತದೂ ಹೇಳ್ಬೇಡಿ! ಇಟ್ಟು ಹೋಗಿ. ಸಂಜೆ ಬನ್ನಿ."

"ಭಾರಿ ಉಪಕಾರ ಆಯ್ತು" ಎಂದು ಹೋದ. ಗಿರಾಕಿ ಅಂದರೆ ಹೀಗಿರಬೇಕು. ಇದೊಂದು ಕೆಲಸ ಚೆನ್ನಾಗಿ ಮಾಡಿಕೊಟ್ಟರೆ ನಾಲ್ಕು ಜನಕ್ಕೆ ಹೇಳುತ್ತಾನೆ, ಅಂಗಡಿ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ.

ಪೆಟ್ರೋಲ್ ಹಾಕಿ ಹಗ್ಗ ಎಳೆದೆ. ಒಂದೇ ಸಲಕ್ಕೆ ಚಾಲೂ ಆಯಿತು, ಚೆನ್ನಾಗಿಯೇ ಓಡಿತು. ಸರಿಯಿರುವ ಮೆಷಿನನ್ನು ಯಾರಾದರೂ ರಿಪೇರಿ ಅಂಗಡಿಗೆ ತರುತ್ತಾರೆಯೇ? ರೋಗ ಒಳಗಿದೆ ಎಂದು ಬಿಚ್ಚಿದೆ. ಸಿಗಲಿಲ್ಲ. ಇನ್ನಷ್ಟು ಬಿಚ್ಚಿದೆ. ಊಟಕ್ಕೂ ಏಳಲಿಲ್ಲ. ಬಿಚ್ಚಲು ಇನ್ನೇನೂ ಉಳಿಯದಿದ್ದಾಗ ಅವನು ಬಂದ. ನೆಲದ ಮೇಲೆ ಹರಡಿದ್ದ ಮೆಷಿನ್ ನೋಡಿ ಹೌಹಾರಿ ನಿಂತ.

ಸೋತು ಕೇಳಿದೆ. "ಇದಕ್ಕೆ ಎಂತ ಆಗಿತ್ತು, ಮೊದಲಿನಿಂದ ಹೇಳಿ."

"ಇದಕ್ಕೆ ಎಂತ ಆಗ್ತದೆ ಮಾರಾಯ್ರೆ! ಭಾವ ತಗೊಂಡು ಹೋಗಿದ್ದ, ವಾಪಸ್ ತರ್ತಿದ್ದೆ. ಆಸ್ಪತ್ರೆಗೆ ಹೋಗಿ ಬರೋ ತನಕ ಇಲ್ಲಿ ಇಡ್ಲಾ ಅಂತ ಕೇಳ್ಲಿಕ್ಕೆ ಬಂದದ್ದು ನಾನು!"