ಮಾವನ ಮನೆಯ ಡೆತ್

ಬಾಣಾವರದ ನಮ್ಮ ಸೋದರಮಾವನಷ್ಟು ಸಾಧು ಮನುಷ್ಯರು ಇನ್ನೊಬ್ಬರಿಲ್ಲ. ಆದರೆ ಅವರ ಮನೆ ಮುಂದೆ ನಿಂತರೆ, ಒಳಗೆ ಯಾರೋ ಯಾರನ್ನೋ ಒರಳಿಗೆ ಹಾಕಿ ರುಬ್ಬುತ್ತಿದ್ದಾರೆ ಅನಿಸುತ್ತದೆ! ಅದು ಸಂಗೀತ. ಹೌದು ಸ್ವಾಮಿ, ಸಂಗೀತವೇ. 'ಡೆತ್ ಮೆಟಲ್' ಅಂತ ಹೆಸರು. ಅದರಲ್ಲೂ ತಾಳದ ಲೆಕ್ಕಾಚಾರ ಜಾಸ್ತಿ ಇರುವ ಜಾತಿಯದು. ಡ್ರಮ್ಮಿನವನದು ಒಂದು ದಾರಿ, ಗಿಟಾರಿನವರದು ಇನ್ನೊಂದು. ಹಾಡುವವನ ಗಂಟಲಲ್ಲಂತೂ ಮುಳ್ಳು ಸಿಕ್ಕಿಕೊಂಡಿದೆ.

ಜೀವಮಾನವೆಲ್ಲ ಭಜನೆಯಲ್ಲಿ ತಾಳ ಹಾಕಿದ ಮಾವನಿಗೆ ಈ ಹುಚ್ಚು ಹಿಡಿದದ್ದು, ಎದೆಬಡಿತದಲ್ಲಿ ಏರುಪೇರಿದೆ ಎಂದು ಹಾಸನದ ಡಾಕ್ಟರು ಹೇಳಿದ ಮೇಲೆ. ನೀವೇ ಹೇಳಿ, ಎದೆ ಸರಿಯಿಲ್ಲದವರು ಕೇಳುವ ಹಾಡೇ ಇದು? ಅಂದಿನಿಂದ ಅರಸೀಕೆರೆಯ ನಮ್ಮ ಮನೆಯಲ್ಲಿ ಫೋನ್ ರಿಂಗಾದರೆ ಸಾಕು, ಬಾಣಾವರದಿಂದ ಕೆಟ್ಟ ಸುದ್ದಿಯೇ ಬಂತು ಅನಿಸುತ್ತದೆ.

ಒಂದು ದಿನ ಆ ಫೋನೂ ಬಂತು. ಮಾವನ ಪಕ್ಕದ ಮನೆಯವರು. "ನಿಮ್ ಮಾವನ ಮನೇಲಿ ಡೆತ್ ಅಂತೆ ಕಣಮ್ಮಾ!"

ಅಳುತ್ತಾ ಬಸ್ಸು ಹತ್ತಿದೆ. ಹೋಗಿ ನೋಡಿದರೆ, ಮಾವ ಬಾಗಿಲಲ್ಲೇ ನಿಂತು, ಹಾರ ಹಿಡಿದು ಬಂದವರನ್ನು "ಯಾರಿಗ್ರೀ ಸನ್ಮಾನ?" ಎಂದು ವಿಚಾರಿಸುತ್ತಿದ್ದಾರೆ! ಆಗಿದ್ದಿಷ್ಟೇ. "ಒಳಗೇನ್ರೀ ಗಲಾಟೆ?" ಎಂದು ಪಕ್ಕದವರು ಕಾಂಪೌಂಡಿನಾಚೆಯಿಂದ ಕೇಳಿದ್ದಾರೆ, ಅತ್ತೆ "ಡೆತ್ ಮೆಟಲ್ಲು" ಎಂದಿದ್ದಾರೆ. ಆ ಸದ್ದಿನಲ್ಲಿ ಅರ್ಧವೇ ಕೇಳಿಸಿದೆ. ಸಾಕ್ಷಿಗೆ ಚೀರಾಟ ಬೇರೆ! ಬಂದವರು ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕಾಫಿ ಕುಡಿದು ಹೋದರು.

ನಾನು ರೇಗಿಬಿಟ್ಟೆ. "ಇವತ್ತೇ ಇದನ್ನ ನಿಲ್ಲಿಸಿ ಮಾವ. ನಿಮ್ಮೆದೆಗೆ ಏನಾದ್ರೂ ಆದ್ರೆ?"

"ಕೂತ್ಕೊಳೇ, ಕೇಳು" ಎಂದು ಹಾಡು ಹಚ್ಚಿ, ನನ್ನ ಅಂಗೈ ಮೇಲೆ ತಾಳ ಹಾಕತೊಡಗಿದರು. ಎಣಿಸಲು ಹೋದ ನಾನು ಆಗಲೇ ದಾರಿ ತಪ್ಪಿದ್ದೆ. ಅಷ್ಟರಲ್ಲಿ ಹಾಡು ಥಟ್ಟನೆ ನಿಂತಿತು. ಮಾವನ ಕೈಯೂ ಗಾಳಿಯಲ್ಲೇ ನಿಂತಿತು. ಕಣ್ಣು ಮುಚ್ಚಿತ್ತು.

"ಮಾವಾ!" ಎಂದು ಕಿರುಚಿದೆ.

"ಶ್! ಬತ್ತಾರೆ ಇರೇ."

ಧಡ್ ಎಂದು ಡ್ರಮ್ಮಿನವನು, ಗಿಟಾರಿನವರು, ಹಾಡುವವನು ಅಷ್ಟೂ ಜನ ಒಂದೇ ಪೆಟ್ಟಿಗೆ ಬಂದು ಸೇರಿದರು. ಮಾವನ ಕೈಯೂ ನನ್ನ ಅಂಗೈಗೆ ಬಂದು ಬಿತ್ತು.

"ನೋಡ್ದೇನೇ? ತಾಳ ತಪ್ಪೋಯ್ತು ಅನ್ಕೋತೀವಿ, ಕೊನೇಗೆ ಬಂದೇ ಬತ್ತಾರೆ. ನನ್ನೆದೇನೂ ಹಂಗೇ ತಪ್ತೈತೆ ಕಣೇ. ಭಯ ಆಯ್ತದೆ. ಇವ್ರು ತಿರುಗಿ ಬರೋದು ಕೇಳಿದ್ರೆ, ಇದೂ ಬತ್ತದೆ ಅಂತ ಧೈರ್ಯ."

ಭಯ ನನ್ನೊಬ್ಬಳದೇ ಅಂದುಕೊಂಡಿದ್ದೆ.

"ಇನ್ನೊಂದ್ಸಲ ಹಾಕಿ ಮಾವ" ಎಂದೆ. ಅಂಗೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.