ಅವಸರದವರ ದಾರಿಯೂ ನನ್ನ ಶಟರೂ

ನಮ್ಮ ಕಾಕಾನ ಹತ್ತಿರ ಒಂದು ಸೈಕಲ್ ಕೂಡ ಇಲ್ಲ. ಆದರೆ ಜಮಖಂಡಿಯಿಂದ ಬನಹಟ್ಟಿ ದಾಟಿ ರಬಕವಿಯವರೆಗಿನ ಅಷ್ಟೂ ರಸ್ತೆ ಅವನ ಸ್ವಂತದ್ದು! ಈ ಸಂಗತಿ ಸರಕಾರಕ್ಕೆ ಇನ್ನೂ ಗೊತ್ತಿಲ್ಲ, ಅದಕ್ಕೆ ಕಾಕಾ ಏನು ಮಾಡಬೇಕು? ಯಾವ ತಿರುವಿನಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ಗುಂಡಿಗೆ ಬಿದ್ದಾಗ ಯಾವ ಡ್ರೈವರ್ ಯಾರ ಮನೆತನವನ್ನು ನೆನೆಸುತ್ತಾನೆ, ಎಲ್ಲ ಅವನಿಗೆ ಬಾಯಿಪಾಠ. ಅಂಥ ಮನುಷ್ಯ ಒಂದು ದಿನ ನನ್ನ ಅಂಗಡಿಗೆ ಬಂದು, "ಈ ರಸ್ತಾಕ್ಕ ಇನ್ನೊಂದು ದಾರಿ ಜೋಡಸಬೇಕಲೇ. ಅವಸರ ಇದ್ದವರು ಟೋಲ್ ಕೊಟ್ಟು ಹೋಗೂ ದಾರಿ" ಅಂದ. ನಾನು ನಕ್ಕೆ. ನಕ್ಕಿದ್ದು ಅದೇ ಕೊನೆ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಆರನೇ ಇಯತ್ತೆಗೆ ಸಾಲಿ ಬಿಟ್ಟವ ನಾನು. ಮಾಸ್ತರರು ನನ್ನನ್ನು ಬಿಟ್ಟರೋ, ನಾನೇ ಮಾಸ್ತರರನ್ನು ಬಿಟ್ಟೆನೋ, ಆ ಮಾತು ಈಗ ಬೇಡ. ನೇಕಾರರ ಮನೆತನದಲ್ಲಿ ಹುಟ್ಟಿ ಮಗ್ಗಕ್ಕೆ ಕೂಡದೆ ಕಬ್ಬಿಣ ಹಿಡಿದವ ನಾನೊಬ್ಬನೇ. ಬನಹಟ್ಟಿಯಲ್ಲಿ ರಸ್ತೆಗೆ ಹತ್ತಿ ನನ್ನ ವೆಲ್ಡಿಂಗ್ ಅಂಗಡಿ ಇದೆ. ಅದರ ಕಂಬ, ತಗಡು, ಶಟರು, ಒಂದೊಂದು ಬೆಸುಗೆಯೂ ನನ್ನ ಕೈಯದ್ದು. ಕಬ್ಬಿನ ಸೀಜನ್ನಿನಲ್ಲಿ ಸಮೀರವಾಡಿ ಫ್ಯಾಕ್ಟರಿಗೆ ಹೊರಟ ಟ್ರೇಲರುಗಳು ದಾರಿಯಲ್ಲಿ ಮುರಿದರೆ ಮೊದಲು ಕಾಣುವುದು ನನ್ನ ಬಾಗಿಲು. ಆ ಬಾಗಿಲು ರಸ್ತೆಯ ಮೇಲಿದ್ದರಷ್ಟೇ ನನ್ನ ಒಲೆ ಉರಿಯುತ್ತದೆ. ಓಣಿಯೊಳಗೆ ಹೋದರೆ ನನ್ನನ್ನು ಹುಡುಕಿಕೊಂಡು ಯಾವ ಟ್ರೇಲರು ಬರುತ್ತದೆ?

ಕಾಕಾನ ಮನೆ ನನ್ನ ಅಂಗಡಿಯ ಎದುರಿಗೇ, ರಸ್ತೆಯ ಆಚೆ ಬದಿಗೆ. ಮುಂದಿನ ಕೋಣೆಯಲ್ಲಿ ಅವನ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ಊರೆಲ್ಲ ಕರೆಂಟಿನ ಮಗ್ಗಕ್ಕೆ ಹೋದರೂ ಕಾಕಾ ಕುಣಿ ಬಿಟ್ಟು ಏಳಲಿಲ್ಲ. ಏಳುವುದು ಒಂದೇ ಕೆಲಸಕ್ಕೆ: ಬಸ್ಸು ನೋಡುವುದಕ್ಕೆ!

ಈ ಹುಚ್ಚು ಹತ್ತಿದ್ದು ಒಂದು ಮದುವೆಯಿಂದ. ಬನಹಟ್ಟಿಯಿಂದ ಜಮಖಂಡಿಗೆ ಹೊರಟ ಬಸ್ಸಿನ ಮುಂದೆ ಎರಡೆರಡು ಟ್ರೇಲರು ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಕಾಕಾ ಮಂಟಪ ಮುಟ್ಟುವಷ್ಟರಲ್ಲಿ ಅಕ್ಕಿಕಾಳು ಬಿದ್ದು, ಮದುಮಕ್ಕಳು ಊಟಕ್ಕೆ ಕೂತಿದ್ದರು. ಬೀಗರಲ್ಲಿ ಒಬ್ಬರು ನಗುತ್ತ, "ಬರ್ರೀ, ಊಟದ ಹೊತ್ತು ಬರೋಬ್ಬರಿ ಹಿಡದ ಬಂದ್ರಿ ನೋಡ್ರಿ" ಅಂದುಬಿಟ್ಟರು. ಕಾಕಾ ಅವತ್ತು ಉಣ್ಣಲಿಲ್ಲ. ತಿರುಗಿ ಬರುವಾಗ ಬಸ್ಸು ಮತ್ತೆ ಕಬ್ಬಿನ ಹಿಂದೆ ಸಿಕ್ಕಿಬಿತ್ತು. ಇವನು ಕೆಳಗಿಳಿದು ನಡೆದುಬಿಟ್ಟ. ಮುಂದಿನ ಸ್ಟಾಪಿನಲ್ಲಿ ಚಾ ಕುಡಿದು, ಬಸ್ಸು ಬಂದಾಗ ಖಾಲಿ ಕಪ್ಪು-ಬಸಿ ಎತ್ತಿ ತೋರಿಸಿ ಡ್ರೈವರನಿಗೆ ಅಂದನಂತೆ: "ತಮ್ಮಾ, ನಿನಗೂ ಒಂದು ಹೇಳಿದ್ನಿ. ಆರಿ ಹೋತು, ನಾನ ಕುಡದ್ನಿ!"

ಅದೇ ದಿನಗಳಲ್ಲಿ, ಹುಬ್ಬಳ್ಳಿ ಧಾರವಾಡದ ನಡುವೆ ಬಸ್ಸಿಗೇ ಬೇರೆ ದಾರಿ ಮಾಡುತ್ತಾರೆ ಅನ್ನುವ ಸುದ್ದಿ ಪೇಪರಿನಲ್ಲಿ ಬಂತು. ದೊಡ್ಡ ಹೈವೇಯ ಟೋಲ್ ನಾಕಾವನ್ನು ಕಾಕಾ ಮೊದಲೇ ಕಣ್ಣಾರೆ ಕಂಡಿದ್ದ. ಎರಡನ್ನೂ ತಲೆಯೊಳಗೆ ಹಾಕಿ ಗಂಟು ಹಾಕಿದ. ಇದ್ದ ರಸ್ತೆಗೆ ಒಂದು ಬದಿಗೆ ಹೊಸ ದಾರಿ. ಅದರಲ್ಲಿ ಬಸ್ಸಿಗೆ ಪುಕ್ಕಟೆ. ಕಾರು ಜೀಪಿನವರು ಅವಸರ ಇದ್ದರೆ ಟೋಲ್ ಕೊಟ್ಟು ಬಸ್ಸಿನ ಹಿಂದೆ ಹೋಗಬೇಕು. ಅವಸರ ಇಲ್ಲದವರು ಕಬ್ಬಿನ ಹಿಂದೆ.

"ಎಲ್ಲಾರೂ ಅವಸರದವರ ಆದ್ರ, ಕಾಕಾ?"

"ನಮ್ಮೂರಾಗ ಅವಸರ ಇದ್ದವರು ಯಾರ ಅದಾರಲೇ? ಚಾದಂಗಡ್ಯಾಗ ಕುಂತ್ರ ತಾಸುಗಟ್ಲೆ ಏಳೂದಿಲ್ಲ."

"ಹಂಗಾದ್ರ ಟೋಲ್ ಯಾರು ಕೊಡ್ತಾರು?"

"ಅದಕ್ಕ ಅಂದ್ನಿ, ಆರನೇತ್ತೆ ಸಾಕಾಗಿಲ್ಲ ನಿನಗ!"

ಕಾಕಾ ಬರೀ ಮಾತಿನ ಮನುಷ್ಯನಲ್ಲ, ಪ್ರಯೋಗ ಮಾಡುವವ. ಚಿಮ್ಮಡದಲ್ಲಿ ನಮ್ಮವರದೇ ಒಂದು ಮದುವೆ. ಊಟಕ್ಕೆ ನಿಂತವರನ್ನು ಎರಡು ಸಾಲು ಮಾಡಿಸಿದ. ಒಂದು ಪುಕ್ಕಟೆ ಸಾಲು. ಇನ್ನೊಂದು ಅವಸರದ ಸಾಲು, ಅದರಲ್ಲಿ ಬಂದವರು ಟೋಲಿನ ಬದಲಿಗೆ ಒಂದು ಪಂಕ್ತಿಗೆ ನೀರು ಬಡಿಸಿ ಊಟಕ್ಕೆ ಕೂಡಬೇಕು. ಏನಾಯಿತು ಅನ್ನುತ್ತೀರಿ? ಇಡೀ ಮದುವೆ ಅವಸರದ ಸಾಲಿಗೇ ನುಗ್ಗಿತು! ಇನ್ನೂರು ಮಂದಿ ನೀರಿನ ತಂಬಿಗೆ ಹಿಡಿದು ನಿಂತರೆ ಕುಡಿಯುವವರು ಯಾರು? ಕೋಲು ಊರಿಕೊಂಡು ಬಂದ ಒಬ್ಬ ಮುದುಕಿ ಪುಕ್ಕಟೆ ಸಾಲಿನಲ್ಲಿ ಒಬ್ಬಳೇ ನಡೆದು ಹೋಗಿ, ಉಂಡು, ಎಲೆಅಡಿಕೆ ಹಾಕಿಕೊಂಡು, ಕಾಕಾನ ಮುಂದೆ ನಿಂತು ಕೇಳಿದಳು: "ಯಪ್ಪಾ, ಅವಸರದವರು ಇನ್ನೂ ಯಾಕ ನಿಂತಾರೋ?"

ಕಾಕಾ ಸೋಲಲಿಲ್ಲ. "ತಪ್ಪು ದಾರೀದಲ್ಲ, ನೀರಿಂದು" ಅಂದ.

ಆಮೇಲೆ ಅಳತೆ ಶುರುವಾಯಿತು. ಟೇಪು ಕೊಡುತ್ತೇನೆ ಅಂದರೆ ಬೇಡ ಅಂದ. ನೇಕಾರನಿಗೆ ನೂಲು ಇರುವಾಗ ಟೇಪು ಯಾಕೆ? ನೂಲಿನ ತುದಿಯನ್ನು ನನ್ನ ಶಟರಿನ ಕೊಂಡಿಗೆ ಕಟ್ಟಿ, ನೂಲು ಸುತ್ತಿದ ಕಂಡಿಕೆ ಬಿಚ್ಚುತ್ತ ರಸ್ತೆ ದಾಟತೊಡಗಿದ. ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರು ಬಂತು. ನೂಲು ಅದರ ಮೂತಿಗೆ ಸಿಕ್ಕಿತು, ಕಂಡಿಕೆ ಕಾಕಾನ ಕೈಯಿಂದ ಹಾರಿತು, ಕೆಂಪು ನೂಲು ಗಾಳಿಪಟದ ಬಾಲದ ಹಾಗೆ ಟ್ರ್ಯಾಕ್ಟರಿನ ಹಿಂದೆ ಹೊರಟಿತು. ಕಾಕಾ ಓಡಿದ, ಕೂಗಿದ. ಡ್ರೈವರ್ ಕೈ ಎತ್ತಿ ನಮಸ್ಕಾರ ಮಾಡಿ ಹೋದ. ಸಂಜೆ ಯಾರೋ ಕೇಳಿದರು: "ಕಾಕಾರ, ರಸ್ತಾ ಎಷ್ಟು ಅಗಲ ಆತ್ರಿ?" ಕಾಕಾ ಗಂಭೀರವಾಗಿ, "ಈ ಕಡೆ ಇಂವನ ಶಟರು, ಆ ಕಡೆ ಸಮೀರವಾಡಿ" ಅಂದ.

ಇಲ್ಲಿಯವರೆಗೆ ನಾನೂ ಊರಿನ ಜೊತೆ ನಗಬೇಕಾಗಿತ್ತು. ನಗಲು ಆಗಲಿಲ್ಲ. ಯಾಕಂದರೆ ಆ ವಾರವೇ ರಸ್ತೆ ಅಗಲ ಮಾಡುತ್ತಾರೆ, ಇಂಜಿನಿಯರರು ಅಳೆಯಲು ಬರುತ್ತಾರೆ ಅನ್ನುವ ಸುದ್ದಿ ಹಬ್ಬಿತ್ತು. ಹುಚ್ಚ ಅನ್ನಿಸಿಕೊಂಡವನ ಮಾತು ಸರಕಾರದ ಕಿವಿಗೆ ಬೀಳುವ ಹೊತ್ತು ಬಂದರೆ ಅದಕ್ಕಿಂತ ಹೆದರಿಕೆಯದು ಮತ್ತೊಂದು ಇದೆಯೇ?

ಕಾಕಾ ಒಂದು ಮುಂಜಾನೆ ಸೀರೆಯ ದಡಿಯ ಹೂ ಬರೆಯುವ ಚೌಕದ ಹಾಳೆಗಳನ್ನು ಅಂಟಿಸಿ, ಸುರುಳಿ ಮಾಡಿ ತಂದು, ನನ್ನ ಅಂಗಡಿಯ ನೆಲದ ಮೇಲೆ ಬಿಚ್ಚಿದ. ಒಂದು ಅಕ್ಷರ ಇಲ್ಲ. ಸ್ಟಾಪಿಗೆ ಒಂದು ಹೂ, ತಿರುವಿಗೆ ಒಂದು ಬಳ್ಳಿ. ನಡುವೆ ಕರಿ ರಸ್ತೆ, ಅದರ ಬದಿಗೆ ಕೆಂಪು ಪೆನ್ಸಿಲಿನ ಹೊಸ ದಾರಿ. ನಾನು ರಬಕವಿಯ ಕಡೆ ಮುಖ ಮಾಡಿ ನಿಂತೆ. ಹಾಳೆಯನ್ನೂ ಹಾಗೇ ತಿರುಗಿಸಿದೆ. ನನ್ನ ಅಂಗಡಿ ಎಡಕ್ಕೆ. ಕೆಂಪು ಗೆರೆಯೂ ಎಡಕ್ಕೆ! ನಮ್ಮ ಸ್ಟಾಪಿನ ಹೂವಿನ ಪಕ್ಕದ ಚೌಕಗಳನ್ನು ಅದು ನುಂಗಿಕೊಂಡು ಹೋಗಿತ್ತು. ಗೆರೆಯ ಮೇಲೆ ಬೆರಳಿಟ್ಟೆ.

"ಕಾಕಾ, ಈ ಮಗ್ಗಲಾ?"

"ಹೂಂ, ಈ ಮಗ್ಗಲಾನ."

"ಪೂರಾ ಹೋಕ್ಕೈತೇನು?"

"ಮುಂದಿಂದು ಪೂರಾ. ಹಿಂದ ಒಂದೀಟು ಉಳೀತೈತಿ."

"ನಿನಗ ಏನೂ ಅನಸಲಿಲ್ಲ?"

"ಅನಸಲಾರದ ಇರತೈತೇನಲೇ? ಎಳಿಯುವಾಗ ಕೈ ನಡಗಿತ್ತು. ಆದ್ರ ಊರಿಗೆ ದಾರಿ ಬೇಕಂದ್ರ ಯಾರದರ ಗ್ವಾಡಿ ಬೀಳಬೇಕ."

ಕೇಳಿದಿರಾ! ನನ್ನ ಗೋಡೆ ಬೀಳುವುದು, ಇವನ ಕೈ ನಡುಗುವುದು! ಸಿಟ್ಟಿಗೆ ನಾನು ಗ್ರೈಂಡರ್ ಹಾಕಿಬಿಟ್ಟೆ. ಕಾಕಾ ಹಾಳೆ ಸುತ್ತಿಕೊಂಡು ಹೋದ.

ಅವತ್ತಿನಿಂದ ನಾನು ಮನುಷ್ಯನಾಗಿ ಉಳಿಯಲಿಲ್ಲ. ದಿನಾ ಮುಂಜಾನೆ ಶಟರು ಎತ್ತುವ ಮೊದಲು ರಸ್ತೆಯ ಅಂಚಿನಿಂದ ಬಾಗಿಲಿಗೆ ಹೆಜ್ಜೆ ಹಾಕಿ ಅಳೆಯುತ್ತಿದ್ದೆ, ರಸ್ತೆ ಎಲ್ಲಿ ಒಂದಿಷ್ಟು ಸರಿದು ಬಂದಿದೆಯೋ ಅಂತ. ಬಿಳಿ ಜೀಪು ಕಂಡರೆ ಕಣ್ಣು ಅದರ ಹಿಂದೆ ಹೋಗಿ ಬೆಸುಗೆ ಸೊಟ್ಟಗಾಗುತ್ತಿತ್ತು. ಹುನ್ನೂರಿನ ಗಿರಾಕಿಯೊಬ್ಬನ ಟ್ರೇಲರಿನ ಕೊಂಡಿಯನ್ನು ಉಲ್ಟಾ ಬೆಸೆದು, ಅವನ ಎದುರಿಗೇ ಮತ್ತೆ ಕತ್ತರಿಸಬೇಕಾಯಿತು. ನನ್ನ ಕೈಯ ಕೆಲಸ ಹಿಂದೆ ಬಂದದ್ದು ಅದೇ ಮೊದಲು. ಎಂಥ ಅವಮಾನ!

ಕಾಕಾನನ್ನು ಒಲಿಸಿಕೊಳ್ಳೋಣ ಅಂತ ಅವನ ಮಗ್ಗದ ಮುರಿದ ಕಬ್ಬಿಣದ ಪಟ್ಟಿಯನ್ನು ಹೊಸದಾಗಿ ಮಾಡಿ ಕೊಟ್ಟೆ. ಲಂಚ ಅನ್ನಿ ಬೇಕಾದರೆ. ಕಾಕಾ ಅದನ್ನು ಸವರಿ, "ಛಲೋ ಮಾಡಿ. ಆದ್ರ ಇನ್ನ ಎಷ್ಟು ದಿನ ಬೇಕಾಗತೈತೋ ಏನೋ" ಅಂದ. ನನಗೆ ಮತ್ತೂ ಸಿಟ್ಟು ಬಂತು. ಮಾತು ಬಿಟ್ಟೆ. ಹದಿನೈದು ದಿನ ಅವನು ರಸ್ತೆಯ ಆಚೆಯಿಂದ ಕೈ ಎತ್ತಿದರೆ ನಾನು ಕಣ್ಣಿಗೆ ವೆಲ್ಡಿಂಗ್ ಕನ್ನಡಕ ಏರಿಸಿಕೊಳ್ಳುತ್ತಿದ್ದೆ.

"ರಸ್ತಾ ಬರೂದರೊಳಗ ನೀವ ಹೋಗ್ತೀರಿ" ಅಂದಳು ನನ್ನ ಹೆಂಡತಿ, ಮುಟ್ಟದೆ ಬಿಟ್ಟ ರೊಟ್ಟಿ ನೋಡಿ. "ಹೋಗಿ ಬಾಯಿ ಬಿಟ್ಟು ಕೇಳಬಾರದೇನ್ರಿ?"

"ಅಂಗಡಿ ಉಳಸು ಅಂತ ಕೈ ಮುಗೀಬೇಕೇನು? ನಾ ಇಷ್ಟು ದಿನ ಯಾರ ಮುಂದ ಮುಗದೇನಿ?"

"ಯಾರ ಮುಂದೂ ಮುಗಿಬ್ಯಾಡ್ರಿ. ಉಪಾಸ ಸಾಯ್ರಿ."

ಕೊನೆಗೂ ಜೀಪು ಬಂತು. ಇಳಿದವರು ಬಾಗಲಕೋಟೆಯ ಕಡೆಯ ಒಬ್ಬರು ಚಿಕ್ಕ ವಯಸ್ಸಿನ ಇಂಜಿನಿಯರ್ ಮೇಡಂ. ಮೂರು ಕಾಲಿನ ದುರ್ಬೀನು ನಿಲ್ಲಿಸುವ ಮೊದಲೇ ಕಾಕಾ ತೊಳೆದ ಧೋತರ ಉಟ್ಟು, ಸುರುಳಿ ಹಿಡಿದು ಹಾಜರು. ನಾನು ಸುತ್ತಿಗೆ ಕೆಳಗಿಟ್ಟು ಹೋಗಿ ಹತ್ತಿರ ನಿಂತೆ. ಆ ಹಾಳೆ ಕಸಿದುಕೊಂಡು ಹರಿದುಹಾಕಲೇ ಅಂತ ಒಂದು ಕ್ಷಣ ಖರೆ ಅನ್ನಿಸಿತು. ಕೈ ಮುಂದೆಯೂ ಹೋಗಿತ್ತು. ಮೇಡಂ ಅಷ್ಟರಲ್ಲಿ ಅದನ್ನು ಜೀಪಿನ ಬಾನೆಟ್ಟಿನ ಮೇಲೆ ಹಾಸಿಬಿಟ್ಟರು. ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಬಹಳ ಹೊತ್ತು ನೋಡಿದರು. ಹಾಳೆ ತಿರುಗಿಸಿದರು, ತಾವೂ ತಿರುಗಿದರು.

"ಅಜ್ಜಾರ, ಕೆಲಸ ಭಾಳ ಚಂದ ಮಾಡೀರಿ. ಆದ್ರ ಮುಂದ ರಸ್ತಾ ಬಲಕ್ಕ ಹೊಳ್ಳತೈತಿ. ನಿಮ್ಮ ಹಾಳ್ಯಾಗ ಎಡಕ್ಕ ಹೊಳ್ಳೇತಿ?"

"ಹಿಂದಿನ ಮಗ್ಗಲದಿಂದ ನೋಡ್ರಿ ಯವ್ವಾ" ಅಂದ ಕಾಕಾ, ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ. "ಮಗ್ಗದಾಗ ಸೀರಿ ಬೋರಲ ಇರತೈತ್ರಿ. ಚಂದನ್ನ ಮಗ್ಗಲಾ ನೆಲಕ್ಕ, ನಮ್ಮ ಕಣ್ಣಿಗೆ ಉಲ್ಟಾ ಮಗ್ಗಲಾ. ಅದಕ್ಕ ನಾವು ನಕ್ಷೆ ಬರಿಯೂದ ಉಲ್ಟಾ."

ಮೇಡಂ ತೆಳ್ಳನೆಯ ಹಾಳೆಯನ್ನು ತಿರುವಿ ಬಿಸಿಲಿಗೆ ಹಿಡಿದರು. ತಿರುವು ಬಲಕ್ಕೆ ಹೊರಳಿತು. ಅದರ ಜೊತೆ ಕೆಂಪು ಗೆರೆಯೂ ರಸ್ತೆ ದಾಟಿ ಬಲಕ್ಕೆ ಹೋಯಿತು. ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಇದು ಹೊಳೆಯಬೇಕಾಗಿತ್ತು. ಆದರೆ ಅಷ್ಟು ಉದ್ದದ ಹಾಳೆಯಲ್ಲಿ ನಾನು ನನ್ನ ಅಂಗಡಿ ಬಿಟ್ಟು ಬೇರೆ ಏನನ್ನು ನೋಡಿದ್ದೆ?

ಎದೆಯ ಮೇಲಿನ ಕಬ್ಬಿಣ ಇಳಿದ ಹಾಗಾಯಿತು. ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಮೇಡಂ ಗೆರೆ ಬಿದ್ದ ಮನೆಯ ಕಡೆ ಬೆರಳು ಮಾಡಿ ಕೇಳಿದರು: "ಇದು ಯಾರ ಮನೀರಿ?"

"ನಂದರಿ" ಅಂದ ಕಾಕಾ.

"ಎದರ ಬದೀಗೆ ಬರೀ ತಗಡಿನ ಅಂಗಡಿ ಐತಿ. ಅದನ್ನ ಸರಸೂದು ಹಗರ. ಮನಿ ಮ್ಯಾಲ ಯಾಕ ಎಳದ್ರಿ ಅಜ್ಜಾರ?"

ಕಾಕಾ ನನ್ನ ಕಡೆ ನೋಡಲಿಲ್ಲ. ಹಾಳೆಯ ಅಂಚು ಸರಿಮಾಡುತ್ತ ಅಂದ: "ಆ ಅಂಗಡಿ ಅಂವ ಒಬ್ಬನ ಕಟ್ಯಾನ್ರಿ. ಯಾರೂ ಕಲಿಸಿಲ್ಲ, ಯಾರೂ ಕೊಟ್ಟಿಲ್ಲ. ಅದರ ಮ್ಯಾಲ ಗೆರಿ ಎಳಿಯಾಕ ನನ್ನ ಕೈಲೆ ಆಗಲಿಲ್ರಿ. ನನ್ನ ಮಗ್ಗ ಏನ್ರಿ, ಎಲ್ಲಿ ಹಾಕಿದ್ರೂ ನಡೀತೈತಿ."

ಎಲ್ಲಿ ಹಾಕಿದರೂ ನಡೆಯುತ್ತದಂತೆ! ಮಗ್ಗದ ಕಟ್ಟಿಗೆ ಎತ್ತಿ ಒಯ್ಯಬಹುದು. ಕುಣಿಯನ್ನು ಯಾರು ಎತ್ತಿ ಒಯ್ಯುತ್ತಾರೆ?

ಮೇಡಂ ಹಾಳೆಯನ್ನು ಮಡಚದೆ, ಸುರುಳಿ ಸುತ್ತಿ, "ಸಾಹೇಬರಿಗೆ ತೋರಸ್ತೀನ್ರಿ" ಅಂತ ತೆಗೆದುಕೊಂಡು ಹೋದರು. ನಾನು ನಿಂತಲ್ಲೇ ನಿಂತಿದ್ದೆ. ಹದಿನೈದು ದಿನ ಬಿಟ್ಟಿದ್ದ ಮಾತನ್ನು ಕಾಕಾನೇ ಬೈದು ಶುರು ಮಾಡಿದ: "ಏನಲೇ, ಕಂಬ ನಿಂತಂಗ ನಿಂತಿ? ಗಿರಾಕಿ ಬಂದಾನ ನೋಡು, ಹೋಗು."

ಆ ದಾರಿ ಆಗುತ್ತದೋ ಇಲ್ಲವೋ ಇನ್ನೂ ಯಾರೂ ಹೇಳಿಲ್ಲ. ಕಾಕಾ ಕೇಳುತ್ತಲೇ ಇದ್ದಾನೆ. ಆಗಬೇಕು ಅಂತ ಅವನಿಗೆ ಆಸೆ, ಆಗದಿರಲಿ ಅಂತ ನನಗೆ. ರಸ್ತೆಯ ಮೇಲೆ ಬಿಳಿ ಜೀಪು ನಿಂತರೆ ಈಗಲೂ ನನ್ನ ಕೆಲಸ ನಿಲ್ಲುತ್ತದೆ. ಆದರೆ ಶಟರಿನ ಕಡೆ ಕಣ್ಣು ಹೋಗುವುದಿಲ್ಲ. ಗ್ರೈಂಡರ್ ಬಂದ್ ಮಾಡಿ, ರಸ್ತೆಯ ಆಚೆಯ ಮಗ್ಗಕ್ಕೆ ಕಿವಿ ಕೊಡುತ್ತೇನೆ. ಲಟಕ್ ಪಟಕ್, ಲಟಕ್ ಪಟಕ್. ಅದು ಕೇಳಿಸಿದ ಮೇಲೆಯೇ ಮತ್ತೆ ಸ್ವಿಚ್ಚು ಹಾಕುತ್ತೇನೆ.